ಅಜ್ಜನ ರೇಡಿಯೊ ಮ್ಯೂಸಿಯಂಗೆ ಕೊಡಬಹುದೇ?

ಪ್ರಶ್ನೆ: ನಮ್ಮ ಅಜ್ಜನ ಮರ್ಫಿ ವಾಲ್ವ್ ರೇಡಿಯೊ (ಒಳಗೆ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ಹಳೇ ರೇಡಿಯೊ) ಅಟ್ಟದ ಮೇಲಿದೆ. ಮುಂದುಗಡೆ ತಿರುಗಿಸುವ ಒಂದು ತಿರುಪು (ನಾಬ್) ಕಂಪನಿಯದ್ದಲ್ಲ, ಮರದ್ದು. ಒಳಗೂ ಯಾರೋ ರಿಪೇರಿ ಮಾಡಿದ್ದಾರೆ. ಪಾಲಿಶ್ ಹಾಕಿಸಿ, ಹಾಡುವ ಹಾಗೆ ಮಾಡಿಸಿ ಮ್ಯೂಸಿಯಂಗೆ ಕೊಡೋಣ ಅಂತಿದ್ದೇವೆ. ತೆಗೆದುಕೊಳ್ತಾರಾ?
— ಓದುಗರೊಬ್ಬರು, ತಿಪಟೂರು

ಉತ್ತರ: ಪಾಲಿಶ್‌ನವರಿಗೆ ಹೇಳಿಬಿಟ್ಟಿದ್ದರೆ ಈಗಲೇ ಬೇಡ ಅನ್ನಿ. ನೀವು ಕೊರತೆ ಅಂದುಕೊಂಡ ಆ ಮರದ ತಿರುಪೇ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು. ಮರ್ಫಿ ರೇಡಿಯೊ ಬೇಕಾದಷ್ಟು ಮನೆಗಳಲ್ಲಿತ್ತು. ಮರದ ತಿರುಪು ಕಡೆಸಿಕೊಂಡ ಮರ್ಫಿ ಎಷ್ಟು ಕಡೆ ಸಿಗುತ್ತದೆ, ಹೇಳಿ?

ಇಂಗ್ಲೆಂಡಿನ 'ರಾಕೆಟ್' ಎಂಬ ರೈಲು ಎಂಜಿನ್ ನೋಡಿ. 1829ರಲ್ಲಿ ರೈನ್‌ಹಿಲ್‌ನಲ್ಲಿ ನಡೆದ ರೈಲು ಎಂಜಿನ್‌ಗಳ ಸ್ಪರ್ಧೆ ಗೆದ್ದು 500 ಪೌಂಡ್ ಬಹುಮಾನ ತಂದುಕೊಟ್ಟದ್ದು ಅದೇ. ಆಗ ಅದು ಹಳದಿ ಎಂಜಿನ್, ಚಿಮಣಿ ಬಿಳಿ, ಆವಿಯ ಒತ್ತಡದಿಂದ ಚಕ್ರ ತಿರುಗಿಸುವ ಸಿಲಿಂಡರುಗಳು ಓರೆಯಾಗಿ ಎತ್ತರದಲ್ಲಿದ್ದವು. ವೇಗ ಹೆಚ್ಚಿದರೆ ಎಂಜಿನ್ ತೂಗಾಡುತ್ತಿತ್ತು. ಹಾಗಾಗಿ ಕೆಲವೇ ವರ್ಷಗಳಲ್ಲಿ ಸಿಲಿಂಡರುಗಳನ್ನು ಕೆಳಗಿಳಿಸಿ, ಹೆಚ್ಚುಕಮ್ಮಿ ಅಡ್ಡಕ್ಕೆ ಕೂರಿಸಿದರು. ಮುಂದುಗಡೆ ಹೊಗೆಪೆಟ್ಟಿಗೆಯೂ ಬಂತು. 1862ರಲ್ಲಿ ಲಂಡನ್ನಿನ ಪೇಟೆಂಟ್ ಆಫೀಸ್ ಮ್ಯೂಸಿಯಂ ಸೇರಿದ್ದು ಈ ಬದಲಾದ ಎಂಜಿನ್. ಮುಂದೆ ಅದು ಸೈನ್ಸ್ ಮ್ಯೂಸಿಯಂ ಪಾಲಾಯಿತು. ಇವತ್ತು ನೋಡಿದರೆ ಕಪ್ಪಗೆ, ಸೊರಗಿದ ಹಾಗಿದೆ. ಗೆದ್ದ ಕುದುರೆ ಅಂತ ಯಾರೂ ಅನ್ನಲಾರರು. ಆದರೂ ಆ ಸಿಲಿಂಡರುಗಳನ್ನು ಮತ್ತೆ ಮೇಲೆತ್ತಿ ಕೂರಿಸಲಿಲ್ಲ. ಎತ್ತಿದ್ದರೆ, ಎಂಜಿನಿಯರುಗಳು ಓಡಿಸುತ್ತ ಏನು ಕಲಿತರು ಅನ್ನುವ ಗುರುತೇ ಅಳಿಸಿಹೋಗುತ್ತಿತ್ತು, ಅಲ್ವಾ? ಹಳದಿ ರಾಕೆಟ್ ಓಡುವುದನ್ನು ನೋಡಬೇಕು ಅನ್ನುವವರಿಗಾಗಿ 1979ರಲ್ಲಿ ಪ್ರತ್ಯೇಕವಾಗಿ ಒಂದು ನಕಲು ಎಂಜಿನ್ ಕಟ್ಟಿದರು.

ನಿಮ್ಮ ರೇಡಿಯೊ ಒಳಗಿನ ಬೆಸುಗೆ, ಬದಲಿಸಿದ ವಾಲ್ವ್ ಕೂಡ ಇಂಥ ಗುರುತುಗಳೇ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಲೈಸೆನ್ಸ್ ಪುಸ್ತಕ ಹಳೆಯ ಟ್ರಂಕಿನಲ್ಲಿ ಎಲ್ಲಾದರೂ ಇದೆಯಾ ನೋಡಿ. ಸಿಕ್ಕರೆ ಯಾರ ಹೆಸರು, ಯಾವ ಊರು, ಯಾವ ವರ್ಷ, ಎಲ್ಲ ಅದರಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ ರೇಡಿಯೊಗಿಂತ ಒಂದು ತೂಕ ಹೆಚ್ಚು ಆ ಪುಸ್ತಕವೇ.

ಎಲ್ಲಿಗೆ ಕೊಡುವುದು? ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಂಥ ಕಡೆ ಗುಂಡಿ ಒತ್ತಿ, ಚಕ್ರ ತಿರುಗಿಸಿ ವಿಜ್ಞಾನ ತಿಳಿಯಲೆಂದೇ ಮಾಡಿಟ್ಟ ಮಾದರಿಗಳು ಜಾಸ್ತಿ. ಮನೆಯ ವಸ್ತು ಎಲ್ಲರಿಗೂ ಬೇಕಿರುವುದಿಲ್ಲ. ಮೊದಲು ಫೋಟೊ ಜತೆ ಪತ್ರ ಬರೆಯಿರಿ. ಒಪ್ಪಿದರೆ, ದಾನವೋ ಎರವಲೋ ಅನ್ನುವುದು ಕಾಗದದಲ್ಲಿ ಸ್ಪಷ್ಟವಾಗಿರಲಿ. ದಾನ ಕೊಟ್ಟ ಮೇಲೆ ಅದು ಗಾಜಿನ ಕಪಾಟಿನಲ್ಲೇ ಇರಬೇಕು ಅಂತ ಹಟ ಹಿಡಿಯಲಾಗದು. ಮ್ಯೂಸಿಯಂಗಳ ಬಹುಪಾಲು ವಸ್ತುಗಳು ಉಗ್ರಾಣದಲ್ಲೇ ಇರುತ್ತವೆ.

ಇನ್ನೊಂದು ಮಾತು. "ಹಾಡುತ್ತಾ ನೋಡೋಣ" ಅಂತ ಪ್ಲಗ್ ಹಾಕಬೇಡಿ. ಹಳೆಯ ಕೆಪಾಸಿಟರ್ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಶಾಕ್ ಕೂಡ ಹೊಡೆಯಬಹುದು. ಅದರ ಬದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, ಆ ಮರದ ತಿರುಪು ಯಾರು ಮಾಡಿಕೊಟ್ಟದ್ದು ಅಂತ ಕೇಳಿ ಬರೆದಿಟ್ಟುಕೊಳ್ಳಿ.