ಬೇರೆ ದೇಶಗಳ ಷೇರುಪೇಟೆಗಳು ಕೈಜೋಡಿಸುತ್ತವೆ ಅಂದರೆ ನಿಜಕ್ಕೂ ಏನು? ದಾವಣಗೆರೆಯಲ್ಲಿ ಕೂತವರಿಗೆ ಅದರಿಂದ ಏನು?

ನಮ್ಮ ಎಪಿಎಂಸಿಯನ್ನೇ ನೆನೆಸಿಕೊಳ್ಳಿ. ಮೆಕ್ಕೆಜೋಳ ಮಾರಲು ಬಂದ ರೈತ ಇಲ್ಲೇ ತನ್ನ ದಲ್ಲಾಳಿ ಹತ್ತಿರ ನಿಂತು, ರಾಣೆಬೆನ್ನೂರಿನ ಖರೀದಿದಾರನಿಗೂ ಮಾರುವಂತಾದರೆ ಹೇಗಿರುತ್ತೆ? ಅಷ್ಟೇ ವಿಷಯ.

2014ರ ನವೆಂಬರ್‌ನಲ್ಲಿ ಶಾಂಘೈ ಮತ್ತು ಹಾಂಗ್‌ಕಾಂಗ್ ಪೇಟೆಗಳು ಹೀಗೇ ಜೋಡಣೆ ಮಾಡಿಕೊಂಡವು. ಹೂಡಿಕೆದಾರ ತನ್ನೂರಿನ ಬ್ರೋಕರ್ ಮೂಲಕವೇ ಆ ಕಡೆಯ ಷೇರು ಕೊಳ್ಳಬಹುದು. ಪಶ್ಚಿಮ ಆಫ್ರಿಕಾದವರು ಇನ್ನೂ ಮುಂದೆ ಹೋಗಿದ್ದಾರೆ, 8 ದೇಶ ಸೇರಿ ಒಂದೇ ಷೇರುಪೇಟೆ, ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ, 1998ರಿಂದ ನಡೀತಿದೆ. ಎಂಟಕ್ಕೂ ಒಂದೇ ಕರೆನ್ಸಿ ಇರೋದರಿಂದ ಇದು ಸಾಧ್ಯವಾಯಿತು, ನನಗೆ ಅದೇ ಮುಖ್ಯ ಕಾರಣ ಅನಿಸುತ್ತೆ.

ನಮಗೆ ಹತ್ತಿರದ್ದು ಗಿಫ್ಟ್ ನಿಫ್ಟಿ. ನಿಫ್ಟಿ ಅಂದರೆ ಮುಂಬೈ ಪೇಟೆಯ ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸೋ ಸೂಚ್ಯಂಕ. ಮೊದಲು ನಿಫ್ಟಿ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕಕ್ಕೆ ನಿಫ್ಟಿಯ ಬೆಲೆಯನ್ನು ಈಗಲೇ ಗೊತ್ತುಮಾಡಿಕೊಳ್ಳುವ ಒಪ್ಪಂದ, ಡಾಲರ್‌ನಲ್ಲಿ ಸಿಂಗಾಪುರದಲ್ಲಿ ವಹಿವಾಟಾಗುತ್ತಿತ್ತು. 2023ರ ಜುಲೈ 3ರಿಂದ ಆ ವ್ಯವಹಾರ ಹಣಕಾಸು ವಹಿವಾಟಿಗೆಂದೇ ಕಟ್ಟಿದ ಗುಜರಾತಿನ ಗಿಫ್ಟ್ ಸಿಟಿಗೆ ಬಂತು. ಸಿಂಗಾಪುರದ ಗಿರಾಕಿಗಳ ಆರ್ಡರ್ ಅಲ್ಲಿನ ಪೇಟೆ ಮೂಲಕ ಇಲ್ಲಿಗೆ ಬಂದು ಹೊಂದಾಣಿಕೆ ಆಗುತ್ತೆ, ಅಂದರೆ ಅವರ ಗಿರಾಕಿ ಅವರ ಕೈಯಲ್ಲೇ, ವ್ಯಾಪಾರ ಮಾತ್ರ ನಮ್ಮ ನೆಲದಲ್ಲಿ. ಒಳ್ಳೇ ಒಪ್ಪಂದ ಅಲ್ವಾ!

ಬೆಳಿಗ್ಗೆ ಆರೂವರೆಗೇ ಅದು ಶುರು. ಪಿ.ಬಿ. ರಸ್ತೆಯ ಚಹಾ ಅಂಗಡಿಯಲ್ಲಿ ಒಂದು ಕೈಲಿ ಲೋಟ, ಇನ್ನೊಂದು ಕೈಲಿ ಮೊಬೈಲ್ ಹಿಡಿದವರು ನೋಡೋದು ಇದನ್ನೇ, ಮುಂಬೈ ಪೇಟೆ ಒಂಬತ್ತೂಕಾಲಿಗೆ ತೆರೆದಾಗ ಏರುತ್ತೋ ಇಳಿಯುತ್ತೋ ಅಂತ ಅಂದಾಜು ಮಾಡೋಕೆ. ಖಚಿತ ಭವಿಷ್ಯ ಅಂತ ನಂಬಿ ಸುಮ್ನೆ ದುಡ್ಡು ಹಾಕಬೇಡಿ.