ಆಗುಂಬೆ ಘಾಟಿ ಇಳಿಯುವ ಕಾರಿಗೆ ಯಾವ ಬ್ರೇಕ್ ಆಯಿಲ್?

ಶಿವಮೊಗ್ಗದಿಂದ ಉಡುಪಿಗೆ ಆಗಾಗ ಆಗುಂಬೆ ಘಾಟಿಯ ಮೂಲಕ ಹೋಗಿಬರುವ ಕಾರಿಗೆ ಡಾಟ್ 3 (ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆಯ ಗುರುತು) ತೆಗೆಸಿ ಡಾಟ್ 4 ಹಾಕಿಸಬೇಕೇ, ಇಲ್ಲವೇ ಒಮ್ಮೆಗೇ ಡಾಟ್ 5ಕ್ಕೆ ಹೋಗುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರ ಮಾಡಿ, ಅಂಗಡಿಯಲ್ಲಿ ದೊಡ್ಡ ಸಂಖ್ಯೆಯ ಬಾಟಲಿಯನ್ನೇ ಕೇಳಿ ತಂದು, ಅದೇ ಘಾಟಿಯಲ್ಲಿ ಬ್ರೇಕ್ ಕಳೆದುಕೊಂಡವನು ನಾನು.

ನಮ್ಮ ಮನೆ ತೀರ್ಥಹಳ್ಳಿಯ ಕಡೆ. ಮಳೆ ಹಿಂದೆಗೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರನ್ನು ಕೂರಿಸಿಕೊಂಡು, ಡಿಕ್ಕಿಯಲ್ಲಿ ಸಾಕಷ್ಟು ಸಾಮಾನು ತುಂಬಿಕೊಂಡು ಸೋಮೇಶ್ವರದ ಕಡೆಗೆ ಇಳಿಯುತ್ತಿದ್ದೆ. ಮುಂದೊಂದು ಬಸ್ಸು ನಿಧಾನವಾಗಿ ಹೋಗುತ್ತಿದ್ದುದರಿಂದ ಮೂರನೆಯ ಗೇರಿನಲ್ಲಿಯೇ ಇದ್ದು, ತಿರುವಿನಿಂದ ತಿರುವಿಗೆ ಬ್ರೇಕಿನ ಮೇಲಿಟ್ಟ ಕಾಲನ್ನು ಎತ್ತಲೇ ಇಲ್ಲ. ಅಲ್ಲಿರುವ 14 ತಿರುವುಗಳಲ್ಲಿ ಅರ್ಧದಷ್ಟು ದಾಟುವಷ್ಟರಲ್ಲಿ ಪೆಡಲ್ ಮೆತ್ತಗಾಯಿತು. ಮುಂದಿನ ತಿರುವಿಗೆ ಅದು ನೆಲಕ್ಕೇ ತಾಗಿತು. ಗೇರನ್ನು ಎರಡಕ್ಕೆ ಇಳಿಸಿ, ಕೈಬ್ರೇಕ್ ಎಳೆದು, ಕಣಿವೆಯ ಕಡೆ ಬಿಟ್ಟು ಗುಡ್ಡದ ಕಡೆಗೆ ಸ್ಟಿಯರಿಂಗ್ ತಿರುಗಿಸಿದೆ. ಕೈಬ್ರೇಕನ್ನು ಎಳೆಯುವುದು ತಂತಿಯಾದ್ದರಿಂದ ಅದಕ್ಕೆ ಬ್ರೇಕ್ ಆಯಿಲಿನ ಹಂಗಿರಲಿಲ್ಲ. ಚಕ್ರವೊಂದು ಚರಂಡಿಗಿಳಿದು, ಬಂಪರ್ ಒಡೆದು ಕಾರು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು ಅನಂತರ ನಡೆಯಿತು. ಕಾರು ತಣ್ಣಗಾದ ಮೇಲೆ ತುಳಿದು ನೋಡಿದರೆ ಪೆಡಲ್ ಎಂದಿನಂತೆ ಗಟ್ಟಿಯಾಗಿತ್ತು! ಬ್ರೇಕಿನ ಬಿಸಿಗೆ ಆಯಿಲ್ ಕುದಿದು ಆವಿಯಾದರೆ, ತುಳಿದಾಗ ಆವಿ ಕುಗ್ಗುತ್ತದೆಯೇ ಹೊರತು ಒತ್ತಡ ಚಕ್ರಕ್ಕೆ ತಲುಪುವುದಿಲ್ಲ; ಆ ಆವಿ ಆರಿ ಮತ್ತೆ ದ್ರವವಾದರೆ ದೋಷದ ಗುರುತೇ ಉಳಿಯುವುದಿಲ್ಲ. ಎಷ್ಟೋ ಮಂದಿ ಅದನ್ನು ತಮ್ಮ ಭ್ರಮೆಯೆಂದುಕೊಂಡು ಇಳಿಯುವುದನ್ನು ಮುಂದುವರಿಸುತ್ತಾರೆ.

ಶಿವಮೊಗ್ಗದ ಮೆಕ್ಯಾನಿಕ್ ಒಬ್ಬರು ಬ್ರೇಕ್ ಆಯಿಲಿನ ಡಬ್ಬಿಯೊಳಗೆ ತೇವಾಂಶ ಪರೀಕ್ಷಿಸುವ ಕಡ್ಡಿಯನ್ನು ಅದ್ದಿದಾಗ ನೀರು ಹೆಚ್ಚಾಗಿದೆಯೆಂಬ ಕೆಂಪು ದೀಪ ಹೊತ್ತಿತು. ಇತ್ತೀಚೆಗಷ್ಟೇ ನಾನೇ ಪೂರ್ತಿ ಬದಲಾಯಿಸಿದ್ದೇನೆ, ಅದೂ ಡಾಟ್ 4 ಎಂದು ವಾದಿಸಿದೆ. ಹಾಕಿದ ಬಾಟಲಿ ಉಳಿದಿದ್ದರೆ ತನ್ನಿ ಎಂದರು. ಅದರ ತಳದಲ್ಲಿ ಉಳಿದಿದ್ದ ನಾಲ್ಕು ಹನಿಗೆ ಅದ್ದಿದಾಗಲೂ ದೀಪ ಕೆಂಪಾಗಿಯೇ ಹೊತ್ತಿತು.

ಆ ಬಾಟಲಿಯ ಕಥೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಅದು ಹಿಂದಿನ ವರ್ಷ ತಂದದ್ದು. ಆಗ ಮಟ್ಟ ಕಡಿಮೆಯಾಗಿದೆಯೆಂದು ಸ್ವಲ್ಪ ಸುರಿದು, ಬಾಯಿಯ ಸೀಲ್ ಒಡೆದಿದ್ದ ಬಾಟಲಿಗೆ ಮುಚ್ಚಳವನ್ನು ತಿರುಗಿಸಿ, ದುಬಾರಿ ವಸ್ತು ಹಾಳಾಗಬಾರದೆಂಬ ಜಿಪುಣತನದಿಂದ ಕೊಟ್ಟಿಗೆಯ ಅಟ್ಟದ ಮೇಲಿಟ್ಟಿದ್ದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳೆಲ್ಲ ಅದರ ಮೇಲೆ ಕಳೆದವು. ಆ ದಿನಗಳಲ್ಲಿ ನಮ್ಮ ಅಡುಗೆಮನೆಯ ಉಪ್ಪು ನೀರೊಡೆಯುವ ಹಾಗೆಯೇ ಆ ಬಾಟಲಿಯಲ್ಲಿದ್ದದ್ದೂ ಗಾಳಿಯ ತೇವವನ್ನು ಹೀರಿಕೊಂಡಿತ್ತು. ವ್ಯತ್ಯಾಸವೆಂದರೆ ಉಪ್ಪು ಒದ್ದೆಯಾದದ್ದು ಕಣ್ಣಿಗೆ ಕಾಣುತ್ತದೆ, ಇದು ನೀರನ್ನು ತನ್ನಲ್ಲಿ ಪೂರ್ತಿ ಬೆರೆಸಿಕೊಂಡು ತಿಳಿಹಳದಿಯಾಗಿಯೇ ಉಳಿಯುತ್ತದೆ. ಕಾರಿನಲ್ಲಿದ್ದ ಹಳೆಯದು ಕಪ್ಪಾಗಿದೆಯೆಂದು ಅದನ್ನು ಹೊರತೆಗೆದು, ಈ ತಿಳಿಯಾದದ್ದನ್ನು ನಾಲ್ಕೂ ಚಕ್ರಗಳಿಗೆ ಹರಿಸಿ, ಗಾಳಿ ತೆಗೆದು, ಕೆಲಸ ಅಚ್ಚುಕಟ್ಟಾಯಿತೆಂದು ಬೀಗಿದ್ದೆ. ಬಣ್ಣ ನೋಡಿ ನೀರಿನ ಅಂಶವನ್ನು ಅಳೆಯಲಾಗದು ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಈಗ ಸಂಖ್ಯೆಗಳನ್ನು ನೋಡಿ. ಮಾನದಂಡದ ಪ್ರಕಾರ ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಹೊಸ ಡಾಟ್ 4 ಕನಿಷ್ಠ 230ರವರೆಗೆ. ಸುಮಾರು 3.7 ಶೇಕಡಾ ನೀರು ಸೇರಿದರೆ ಈ ಮಿತಿಗಳು ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತವೆ. ಅಂದರೆ ನೀರು ಕುಡಿದ ಡಾಟ್ 4ಕ್ಕಿಂತ, ಈಗಷ್ಟೇ ಸೀಲ್ ಒಡೆದ ಡಾಟ್ 3 ಎಷ್ಟೋ ಮೇಲು. ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ ಎಂದು ನನಗನ್ನಿಸುತ್ತದೆ. ಯಾವ ಸಂಖ್ಯೆ ಎಂದು ಕೇಳುವ ಮೊದಲು, ಈಗ ಕಾರಿನಲ್ಲಿರುವುದನ್ನು ಹಾಕಿ ಎಷ್ಟು ಮಳೆಗಾಲವಾಯಿತು ಎಂದು ಕೇಳಿಕೊಳ್ಳಿ. ಕಾರಿನೊಳಗೂ ರಬ್ಬರ್ ಕೊಳವೆಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಸೇರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುತ್ತಾರೆ; ಘಾಟಿ ಇಳಿಯುವ ಮಲೆನಾಡಿನ ಕಾರಿಗೆ ಪ್ರತಿ ವರ್ಷ, ಮಳೆ ಮುಗಿದು ದೀಪಾವಳಿ ಬರುವ ಮೊದಲು ಬದಲಾಯಿಸಬೇಕೆಂಬುದು ನನ್ನ ಹಟ.

ಡಾಟ್ 5ರ ಯೋಚನೆಯನ್ನಂತೂ ಇಂದೇ ಬಿಟ್ಟುಬಿಡಿ. ಅದು ಸಿಲಿಕೋನ್, 3, 4 ಮತ್ತು 5.1 ನೀರನ್ನು ಹೀರುವ ಗ್ಲೈಕಾಲ್ ವರ್ಗದವು. ಇವೆರಡೂ ಬೆರೆಯುವುದಿಲ್ಲ. ಸಿಲಿಕೋನ್ ನೀರನ್ನು ಹೀರದಿರುವುದು ಕೇಳಲು ಹಿತವೆನಿಸಿದರೂ, ಒಳಹೊಕ್ಕ ನೀರು ಬೆರೆಯದೆ ಹನಿಯಾಗಿಯೇ ಉಳಿದು ತಗ್ಗಿನ ಜಾಗದಲ್ಲಿ, ಅಂದರೆ ಅತಿಹೆಚ್ಚು ಬಿಸಿಯಾಗುವ ಚಕ್ರದ ಬಳಿಯೇ ಸೇರಿ, ಸುಮಾರು 100 ಡಿಗ್ರಿಯಲ್ಲಿ ಕುದಿಯಬಲ್ಲದು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಿಗೂ ಅದು ಹೊಂದುವುದಿಲ್ಲ. 5.1 ಒಳ್ಳೆಯದೇ, ಹೊಸದಾಗಿದ್ದಾಗ 260 ಡಿಗ್ರಿ ತಡೆಯುತ್ತದೆ, ಆದರೆ ಆ ಹಣದಲ್ಲಿ ಡಾಟ್ 4ನ್ನು ಇನ್ನೊಮ್ಮೆ ಬದಲಾಯಿಸುವುದೇ ನನಗೆ ಸರಿಯೆನಿಸುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆ ಎಂದು ನೋಡಿ: ಡಾಟ್ 3 ಎಂದಿದ್ದರೆ ಸಾಮಾನ್ಯವಾಗಿ ಡಾಟ್ 4 ಹಾಕಬಹುದು, ಡಾಟ್ 4 ಎಂದಿದ್ದರೆ 3ಕ್ಕೆ ಇಳಿಯಬಾರದು.

ಯಾವುದನ್ನು ಹಾಕಿಸಿದರೂ ಇಳಿಯುವ ರೀತಿ ಬದಲಾಗದಿದ್ದರೆ ಪ್ರಯೋಜನವಿಲ್ಲ. 1,300 ಕೆಜಿ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 64 ಲಕ್ಷ ಜೂಲ್. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಅದರ ದೊಡ್ಡ ಪಾಲನ್ನು ಎಂಜಿನ್ ಹೊರಬೇಕು, ಬ್ರೇಕ್ ಅಲ್ಲ. ಎರಡನೆಯ ಗೇರಿನಲ್ಲಿ ಇಳಿದು, ತಿರುವಿನ ಮೊದಲು ಗಟ್ಟಿಯಾಗಿ ಒಮ್ಮೆ ಒತ್ತಿ, ಕಾಲನ್ನು ತೆಗೆಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಬದಲಾಯಿಸುವ ದಿನ ಬಾಟಲಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಸಿ. ನಡುವೆ ಎಂದಾದರೂ ಮಟ್ಟ ಇಳಿದಿರುವುದು ಕಂಡರೆ, ನನ್ನಂತೆ ಮೇಲಿನಿಂದ ಸುರಿದು ಸಮಾಧಾನಪಡಬೇಡಿ. ಬ್ರೇಕ್ ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಬಂದು ದ್ರವದ ಮಟ್ಟ ತಾನಾಗಿಯೇ ಇಳಿಯುತ್ತದೆ. ಮೊದಲು ಪ್ಯಾಡಿನ ದಪ್ಪ ನೋಡಿಸಿ, ಅದು ಸರಿಯಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಸವೆದ ಪ್ಯಾಡಿನ ಮೇಲೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕುವಾಗ ಅದು ಉಕ್ಕಿ ಹೊರಚೆಲ್ಲಿ, ಬಿದ್ದ ಕಡೆಯಲ್ಲೆಲ್ಲ ಪೇಂಟ್ ಕಿತ್ತುಬರುತ್ತದೆ.