ಜಗಳ, ಮೋಸ ಏನೂ ಇಲ್ಲದ ಪ್ರೇಮಕಥೆಯ ಅನಿಮೆಗಳನ್ನು ಜನ ಯಾಕೆ ಇಷ್ಟಪಡುತ್ತಾರೆ?

ಈ ಅನಿಮೆಗಳಲ್ಲಿ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳಲ್ಲಿ, ಹುಡುಗ ಹುಡುಗಿ ಶಾಲೆಗೆ ಹೋಗಿ ಬರುತ್ತಾರೆ, ನಾಚಿಕೊಳ್ಳುತ್ತಾರೆ, ಖಳನಾಯಕನೂ ಇಲ್ಲ, ಇದರಲ್ಲಿ ನೋಡೋದಕ್ಕೆ ಏನಿದೆ ಅಂತ ಕೇಳಿದ್ದೀರಿ. ನನಗೆ ಇಂಥವು ತುಂಬಾ ಇಷ್ಟ, ಹಾಗಾಗಿ ಉತ್ತರಿಸುತ್ತಿದ್ದೇನೆ.

ಇವುಗಳಲ್ಲಿ ಏನೂ ನಡೆಯುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಡೆಯುವುದೆಲ್ಲ ಸಣ್ಣದು, ಅಷ್ಟೇ. ಹದಿನೈದು ವಯಸ್ಸಿನವರಿಗೆ ಅದೇ ದೊಡ್ಡದು. ಕಥೆ ಮಾಡಿದವರೂ ಅದನ್ನು ದೊಡ್ಡದು ಅಂತಲೇ ನಂಬುತ್ತಾರೆ.

2017ರಲ್ಲಿ ಬಂದ ‘ತ್ಸುಕಿ ಗಾ ಕಿರೇ’ ತಗೊಳ್ಳಿ. ಬರೀ 12 ಎಪಿಸೋಡು. ಟೋಕಿಯೋ ಪಕ್ಕದ ಸೈತಾಮಾದಲ್ಲಿ ಕವಾಗೋಎ ಅಂತ ಹಳೇ ಊರು, ಕಥೆ ಅಲ್ಲಿಯದು. ಕೊತಾರೊಗೆ ಕಾದಂಬರಿಕಾರ ಆಗುವ ಆಸೆ. ಅಕಾನೆ ಓಟಗಾರ್ತಿ. ಒಂದೇ ಕ್ಲಾಸು, ಆದರೆ ಮಾತುಕತೆ ಇಲ್ಲ. ಮೊದಲ ಎಪಿಸೋಡಿನಲ್ಲಿ ಇಬ್ಬರ ಮನೆಯವರೂ ಊಟಕ್ಕೆ ಅಂತ ಒಂದೇ ರೆಸ್ಟೋರೆಂಟಿಗೆ ಬಂದುಬಿಡುತ್ತಾರೆ. ದೊಡ್ಡವರು ಪರಿಚಯ ಮಾಡಿಕೊಂಡು ಹರಟೆಗೆ ಇಳಿಯುತ್ತಾರೆ. ಇವರಿಬ್ಬರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸುತ್ತಿರುತ್ತದೆ. ಆ ಮುಜುಗರವನ್ನು ಎಷ್ಟು ಹೊತ್ತು ತೋರಿಸುತ್ತಾರೆ ಅಂದರೆ, ನೋಡುವ ನಮಗೂ ಎಲ್ಲಿ ನೋಡಬೇಕೋ ಗೊತ್ತಾಗುವುದಿಲ್ಲ.

ಆಮೇಲೆ ಇಬ್ಬರೂ ಲೈನ್ ಆ್ಯಪಿನಲ್ಲಿ ಮೆಸೇಜ್ ಮಾಡಲು ಶುರು ಮಾಡುತ್ತಾರೆ. ಎದೆಯಲ್ಲಿ ತಳಮಳ ಹೆಚ್ಚಾದಾಗ ಕೊತಾರೊ ತನ್ನ ಕೋಣೆಯ ದೀಪದಿಂದ ಇಳಿಬಿದ್ದ ದಾರಕ್ಕೆ ಬಾಕ್ಸರ್ ಥರ ಗುದ್ದುತ್ತಾನೆ. ಒಂದು ಮಾತೂ ಇಲ್ಲ, ಹಿನ್ನೆಲೆಯಲ್ಲಿ ಪಿಟೀಲೂ ಇಲ್ಲ. ಆದರೂ ಅವನಿಗೆ ಏನಾಗ್ತಿದೆ ಅಂತ ಪೂರ್ತಿ ಗೊತ್ತಾಗುತ್ತದೆ ಅಲ್ವಾ! ಕ್ಯೋಟೋ ಪ್ರವಾಸದಲ್ಲಿ ಮೇಷ್ಟ್ರು ಅವನ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ. ಭೇಟಿಯಾಗೋಣ ಅಂದವಳು ಕಾಯುತ್ತಿದ್ದಾಳೆ, ಇವನಿಗೆ ತಿಳಿಸಲು ದಾರಿಯಿಲ್ಲ. ನನಗಂತೂ ಯಾವ ಥ್ರಿಲ್ಲರಿನಲ್ಲೂ ಅಷ್ಟು ಚಡಪಡಿಕೆ ಆಗಿಲ್ಲ.

ಇದರಲ್ಲಿ ತ್ರಿಕೋನ ಪ್ರೇಮವೂ ಇದೆ. ಅಕಾನೆಯ ಗೆಳತಿ ಚಿನಾತ್ಸುಗೂ ಕೊತಾರೊ ಮೇಲೆ ಮನಸ್ಸು. ಬೇರೆ ಕಡೆ ಆಗಿದ್ದರೆ ಅವಳು ಕದ್ದು ಫೋನ್ ನೋಡಬೇಕು, ಚಾಡಿ ಹೇಳಬೇಕು, ಕಥೆ ತಿಂಗಳುಗಟ್ಟಲೆ ಎಳೆಯಬೇಕು. ಇಲ್ಲಿ ಅವಳು ಅಕಾನೆಗೆ ನೇರವಾಗಿ ಹೇಳಿಬಿಡುತ್ತಾಳೆ. ನೋವು ಆಗುತ್ತದೆ, ಆದರೆ ಯಾರೂ ಕೆಟ್ಟವರಾಗುವುದಿಲ್ಲ. ನಾನು ಇಂಥ ಅನಿಮೆ ಹುಡುಕಿಕೊಂಡು ನೋಡುವುದು ಇದಕ್ಕೇ. ಒಂದು ಮಾತಿನಲ್ಲಿ ಬಗೆಹರಿಯುವುದನ್ನು ಇಲ್ಲಿ ಒಂದು ಮಾತಿನಲ್ಲೇ ಬಗೆಹರಿಸುತ್ತಾರೆ. ಆ ಮಾತು ಆಡಲು ಎಷ್ಟು ಧೈರ್ಯ ಬೇಕು ಅನ್ನುವುದೇ ಕಥೆ.

2024ರ ‘ಎ ಸೈನ್ ಆಫ್ ಅಫೆಕ್ಷನ್’ ಕೂಡ ಹಾಗೇ. ಯುಕಿಗೆ ಕಿವಿ ಕೇಳಿಸುವುದಿಲ್ಲ. ಅವಳನ್ನು ಇಷ್ಟಪಡುವ ಇತ್ಸುಓಮಿ ಸೈನ್ ಭಾಷೆ ಕಲಿಯಲು ಹೊರಡುತ್ತಾನೆ. ಅವಳ ಕಿವುಡುತನವನ್ನು ಕಣ್ಣೀರು ಹಾಕಿಸಲು ಬಳಸಿಲ್ಲ. ಕೈಬೆರಳುಗಳ ಚಲನೆಯನ್ನು ಅಷ್ಟು ಜೋಪಾನವಾಗಿ ಬಿಡಿಸಿದ್ದಾರೆ, ನೋಡುತ್ತಾ ಕೂತರೆ ಮಾತು ಬೇಕು ಅನ್ನಿಸುವುದಿಲ್ಲ.

ಕುಂದು ಇಲ್ಲ ಅಂತಲ್ಲ. ‘ತ್ಸುಕಿ ಗಾ ಕಿರೇ’ಯಲ್ಲಿ ರಸ್ತೆ ಮೇಲೆ ಓಡಾಡುವ ಜನರ ಕಂಪ್ಯೂಟರ್ ಚಿತ್ರಗಳು ಕಣ್ಣಿಗೆ ಒಡೆದು ಕಾಣುತ್ತವೆ. ಈ ಬಗೆಯಲ್ಲಿ ಜೊಳ್ಳೂ ಜಾಸ್ತಿ. ಸುಮ್ನೆ ಮುದ್ದು ಮುಖ ತೋರಿಸಿ ಕಾಲ ಕಳೆಯುವಂಥವು ನನಗೂ ಬೇಜಾರು.

ನಿಮಗೆ ಇದು ಹೊಸತಾದರೆ ‘ಟೀಸಿಂಗ್ ಮಾಸ್ಟರ್ ತಕಾಗಿ-ಸಾನ್’ ಇಂದ ಶುರು ಮಾಡಿ. ಪಕ್ಕದ ಸೀಟಿನ ಹುಡುಗಿ ತಕಾಗಿ ದಿನಾ ನಿಶಿಕಾತಾ ಅನ್ನುವ ಹುಡುಗನನ್ನು ಕಾಡಿಸುತ್ತಾಳೆ, ಅವನು ದಿನಾ ಸೋಲುತ್ತಾನೆ. ಒಂದೊಂದು ಎಪಿಸೋಡಿನಲ್ಲೂ ಚಿಕ್ಕ ಚಿಕ್ಕ ಕಥೆಗಳು. ಎಲ್ಲವನ್ನೂ ಒಂದೇ ರಾತ್ರಿ ಮುಗಿಸಬೇಡಿ, ಎಲ್ಲಾ ಒಂದೇ ಅನ್ನಿಸಿಬಿಡುತ್ತದೆ. ‘ತ್ಸುಕಿ ಗಾ ಕಿರೇ’ ನೋಡುವಾಗ ಮಾತ್ರ ಕೊನೆಯ ಹಾಡು ಬಂತು ಅಂತ ಸ್ಕಿಪ್ ಮಾಡಬೇಡಿ. ಅದರ ಹಿಂದೆ ಓಡುವ ಮೆಸೇಜುಗಳಲ್ಲೂ ಕಥೆಯಿದೆ.